ಮಕ್ಕಳ ಚಿತ್ರ ಓದುವ ಕೋರ್ಸ್: ಐದನೇ ವಾರ ನೋಡಿ, ಚಾರ್ಟ್ ಪಕ್ಕಕ್ಕಿಡಿ

ನಾನು ಒಂದನೇ ಕ್ಲಾಸಿನ ಟೀಚರ್. 14 ವರ್ಷದಿಂದ ಆರು-ಏಳು ವರ್ಷದ ಮಕ್ಕಳ ಜೊತೆಗೇ ಇದ್ದೇನೆ. ಮಕ್ಕಳ ಚಿತ್ರ ನೋಡಿ ದೌರ್ಜನ್ಯದ ಸುಳಿವು ಹಿಡಿಯುವುದನ್ನು ಕಲಿಸುತ್ತೇವೆ ಅನ್ನುವ ಒಂದು ಆನ್‌ಲೈನ್ ಕೋರ್ಸನ್ನು ಈಚೆಗೆ ಮುಗಿಸಿದೆ. ಆರು ವಾರ, ವಾರಕ್ಕೆ ಎರಡು ವಿಡಿಯೋ, ಒಂದು ಕೈಪಿಡಿ, ಗೋಡೆಗೆ ಅಂಟಿಸುವಂಥ ಬಣ್ಣದ ಚಾರ್ಟ್, ಕೊನೆಗೊಂದು ಸರ್ಟಿಫಿಕೇಟ್. ಕೋರ್ಸಿನ ಹೆಸರು ಬರೆಯುವುದಿಲ್ಲ. ಈ ತರಹದವು ಈಗ ಬೇಕಾದಷ್ಟಿವೆ, ಚಾರ್ಟುಗಳೂ ಹೆಚ್ಚುಕಡಿಮೆ ಒಂದೇ. ನೀವು ಯಾವುದಕ್ಕೆ ದುಡ್ಡು ಕಟ್ಟಲು ಹೊರಟಿದ್ದರೂ ಇದನ್ನು ಓದಿ ಹೋಗಿ. ಮಕ್ಕಳ ಗುರುತು ಸಿಗಬಾರದು ಅಂತ ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ.

ಯಾಕೆ ಸೇರಿದೆ ಅಂತ ಮೊದಲು ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಚುರುಕು. ಮಾತೂ ಚೆನ್ನಾಗಿ ಆಡುತ್ತಿದ್ದಳು. ಅವಳು ಬೇರೆ ಶಾಲೆಗೆ ಹೋಗಿ ಎಷ್ಟೋ ತಿಂಗಳಾದ ಮೇಲೆ ವಿಷಯ ಗೊತ್ತಾಯಿತು. ಮನೆಯಲ್ಲೇ ಇದ್ದ ಒಬ್ಬ ದೊಡ್ಡವನಿಂದ ಅವಳಿಗೆ ತುಂಬಾ ದಿನ ಹಿಂಸೆ ಆಗಿತ್ತು. ನನ್ನ ಎದುರು ಬೆಂಚಿನಲ್ಲಿ ಕೂತಿದ್ದ ದಿನಗಳಲ್ಲೂ ಆಗುತ್ತಿತ್ತು. ಆ ಸಂಜೆ ಬೀರು ತೆಗೆದು ಅವಳ ಹಳೆಯ ಚಿತ್ರಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತೆ. 22 ಚಿತ್ರ ಇದ್ದವು. ಸೂರ್ಯ, ಹೂವು, ಎರಡು ಜಡೆಯ ಹುಡುಗಿ, ನಗುವ ಬಾಯಿ. ಮತ್ತೆ ಸೂರ್ಯ, ಮತ್ತೆ ಹೂವು. ಏನೂ ಇರಲಿಲ್ಲ.

ಏನೂ ಇರಲಿಲ್ಲ ಅಂತ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಇದ್ದೇ ಇರುತ್ತದೆ, ನನಗೆ ನೋಡಲು ಬರಲಿಲ್ಲ ಅಷ್ಟೆ, ಗೊತ್ತಿದ್ದವರು ನೋಡಿದ್ದರೆ ಕಾಣುತ್ತಿತ್ತು ಅನ್ನಿಸಿತು. ಇಂಥ ಕೋರ್ಸುಗಳ ಜಾಹೀರಾತು ಬರೆಯುವುದೇ ಹೀಗೆ ಬೀರುವಿನ ಮುಂದೆ ಕೂತವರಿಗಾಗಿ. ‘ಮಗು ಬಾಯಿ ಬಿಡದಿದ್ದರೂ ಚಿತ್ರ ಹೇಳುತ್ತದೆ’ ಎನ್ನುವ ಧಾಟಿಯ ಒಂದು ಸಾಲು ಅದರಲ್ಲಿತ್ತು. ನಾನು ಎರಡನೇ ಸಾಲು ಓದಲಿಲ್ಲ, ದುಡ್ಡು ಕಟ್ಟಿದೆ.

ಮೊದಲ ಎರಡು ವಾರ ಚೆನ್ನಾಗಿದ್ದವು. ಮಗು ಚಿತ್ರ ಬಿಡಿಸಲು ಕಲಿಯುವ ದಾರಿಯನ್ನು ತುಂಬಾ ಸಮಾಧಾನವಾಗಿ ತೋರಿಸುತ್ತಾರೆ. ಎರಡು ವರ್ಷಕ್ಕೆ ಗೀಚು. ಮೂರು-ನಾಲ್ಕಕ್ಕೆ ಒಂದು ದೊಡ್ಡ ತಲೆ, ತಲೆಯಿಂದಲೇ ನೇರ ಕೆಳಗಿಳಿದ ಎರಡು ಕಾಲು, ಹೊಟ್ಟೆಯೇ ಇಲ್ಲ. ಗೊದಮೊಟ್ಟೆ ಮನುಷ್ಯ. ಐದು-ಆರಕ್ಕೆ ಹಾಳೆಯ ಬುಡದಲ್ಲಿ ನೆಲ, ಮೇಲೆ ಆಕಾಶ, ನಡುವೆ ಖಾಲಿ. ಆಮೇಲೆ ಗೋಡೆಯ ಆಚೆಯೂ ಕಾಣುವ ಮನೆ, ಅಂಗಿಯ ಒಳಗಿನ ಹೊಕ್ಕಳು. ಮಕ್ಕಳು ಕಂಡದ್ದನ್ನಲ್ಲ, ಗೊತ್ತಿರುವುದನ್ನು ಬಿಡಿಸುತ್ತಾರೆ. ಹೊಟ್ಟೆಯೊಳಗೆ ಪಾಪು ಇರುವುದು ಗೊತ್ತಿದ್ದರೆ ಪಾಪುವನ್ನೂ ಬಿಡಿಸುತ್ತಾರೆ. ಇದನ್ನೆಲ್ಲ ನಾನು ದಿನಾ ನೋಡುತ್ತೇನೆ. ಆದರೂ ಯಾರಾದರೂ ಸಾಲಾಗಿ ಜೋಡಿಸಿ ಹೇಳಿದಾಗ ಖುಷಿಯೇ ಬೇರೆ. ಕೈಪಿಡಿಯ ಈ ಅಧ್ಯಾಯವನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಓದಿದರು.

ಇತಿಹಾಸವನ್ನೂ ಹೇಳುತ್ತಾರೆ. 1926ರಲ್ಲಿ ಫ್ಲಾರೆನ್ಸ್ ಗುಡ್‌ಎನಫ್ ‘ಒಬ್ಬ ಮನುಷ್ಯನ ಚಿತ್ರ ಬಿಡಿಸು’ ಅನ್ನುವ ಪರೀಕ್ಷೆ ಮಾಡಿದರು. ಅದು ಮಗುವಿನ ಬುದ್ಧಿ ಎಷ್ಟು ಬೆಳೆದಿದೆ ಅಂತ ಅಳೆಯಲು. 1948ರಲ್ಲಿ ಜಾನ್ ಬಕ್ ಅವರ ಮನೆ-ಮರ-ಮನುಷ್ಯ ಪರೀಕ್ಷೆ, 1949ರಲ್ಲಿ ಕರೆನ್ ಮಕೋವರ್ ಅವರ ಮನುಷ್ಯ-ಚಿತ್ರದ ಪರೀಕ್ಷೆ. ಅಲ್ಲಿಂದ ದಾರಿ ತಿರುಗಿತು. ಚಿತ್ರದಿಂದ ಮನಸ್ಸನ್ನೇ ಓದಬಹುದು ಅನ್ನುವ ಆಸೆ ಶುರುವಾಯಿತು. 1968ರಲ್ಲಿ ಎಲಿಜಬೆತ್ ಕೊಪಿಟ್ಜ್ ಮಕ್ಕಳ ಮನುಷ್ಯ-ಚಿತ್ರಗಳಲ್ಲಿ ಭಾವನೆಯ 30 ಗುರುತುಗಳನ್ನು ಪಟ್ಟಿ ಮಾಡಿದರು. 1970ರಲ್ಲಿ ಬರ್ನ್ಸ್ ಮತ್ತು ಕಾಫ್‌ಮನ್ ‘ಮನೆಯವರೆಲ್ಲ ಏನಾದರೂ ಮಾಡುತ್ತಿರುವ ಚಿತ್ರ ಬಿಡಿಸು’ ಅಂದರು. ಪಾಠ ಹೇಳುವವರು ಇಲ್ಲಿಗೆ ನಿಲ್ಲಿಸಿಬಿಟ್ಟರು. 1970ರ ಆಚೆಗೆ ಏನೂ ನಡೆದೇ ಇಲ್ಲವೇನೋ ಅನ್ನುವ ಹಾಗೆ. ಆಗ ನನಗೆ ಅದು ಹೊಳೆಯಲಿಲ್ಲ.

ಮೂರನೇ ವಾರ ಚಾರ್ಟ್ ಬಂತು.

24 ಗುರುತು. ಕೈ ಇಲ್ಲದಿದ್ದರೆ ಮಗು ಅಸಹಾಯಕ. ಕೈ ದೊಡ್ಡದಿದ್ದರೆ ಹೊಡೆತ. ಬಾಯಿ ಇಲ್ಲದಿದ್ದರೆ ಗುಟ್ಟು. ಹಲ್ಲು ಕಂಡರೆ ಸಿಟ್ಟು. ಕಣ್ಣು ದೊಡ್ಡದಾದರೆ ಭಯ. ಕಪ್ಪು, ಕೆಂಪು ಜಾಸ್ತಿ ಇದ್ದರೆ ನೋವು. ಬಾಗಿಲಿಲ್ಲದ ಮನೆ, ಮೋಡ, ಮಳೆ, ಒತ್ತಿ ತಿಕ್ಕಿದ ಬಣ್ಣ. ಮರದ ಕಾಂಡದಲ್ಲಿ ಪೊಟರೆ ಇದ್ದರೆ ಹಳೆಯ ಗಾಯ, ಪೊಟರೆ ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೆ ಯಾವ ವಯಸ್ಸಿನಲ್ಲಿ ಆದದ್ದು ಅಂತಲೂ ಲೆಕ್ಕ ಹಾಕಬಹುದಂತೆ. ಒಂದು ಗುರುತು ಇದ್ದರೆ ಗಮನಿಸಿ, ಮೂರು ಇದ್ದರೆ ‘ಹೆಚ್ಚಿನ ಅಪಾಯ’. ಚಾರ್ಟ್ ನೋಡಲು ಚೆಂದ. ಪ್ಲಾಸ್ಟಿಕ್ ಹೊದಿಕೆ ಇದೆ, ಮೂಲೆಗಳನ್ನು ದುಂಡಗೆ ಕತ್ತರಿಸಿದ್ದಾರೆ.

ಮಾರನೇ ದಿನ ಕ್ಲಾಸಿನ 31 ಮಕ್ಕಳಿಗೂ ಹಾಳೆ ಕೊಟ್ಟು ‘ನಿಮ್ಮ ಮನೆ, ಮನೆಯವರು’ ಬಿಡಿಸಿ ಅಂದೆ. ಮನೆಗೆ ತಂದು ಚಾರ್ಟ್ ಪಕ್ಕದಲ್ಲಿಟ್ಟು ಒಂದೊಂದೇ ನೋಡಿದೆ. ಒಂದಾದರೂ ಗುರುತು ಇದ್ದವರು 23. ಮೂರು ಅಥವಾ ಹೆಚ್ಚು ಇದ್ದವರು 8. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಂಟು ಮಕ್ಕಳು! ಬೆಳಿಗ್ಗೆ ಕ್ಲಾಸಿಗೆ ಹೋದಾಗ ಆ ಎಂಟು ಮುಖಗಳೇ ಕಾಣುತ್ತಿದ್ದವು. ಒಬ್ಬ ಆಕಳಿಸಿದರೆ ರಾತ್ರಿ ಮನೆಯಲ್ಲಿ ಏನಾಯಿತೋ ಅನ್ನಿಸುವುದು. ಕರೆದುಕೊಂಡು ಹೋಗಲು ಬಂದ ಅಪ್ಪಂದಿರನ್ನು ನಾನು ನೋಡಿದ ನೋಟ ನೆನೆದರೆ ಈಗಲೂ ನಾಚಿಕೆ.

ಆಮೇಲೆ ಮಕ್ಕಳ ಪಕ್ಕ ಕೂತು ಮಾತಾಡಿಸಿದೆ. ಕೈ ಇಲ್ಲದ ಚಿತ್ರ ಬಿಡಿಸಿದವನು, ‘ಕೈ ಇದೆ ಮಿಸ್, ಜೇಬಲ್ಲಿದೆ’ ಅಂದ. ಪೂರ್ತಿ ಕಪ್ಪು ಮನೆ ಬಿಡಿಸಿದವಳ ಡಬ್ಬಿ ನೋಡಿದೆ. ಉದ್ದ ಉಳಿದಿದ್ದದ್ದು ಕಪ್ಪು ಕ್ರೇಯಾನ್ ಒಂದೇ, ಬೇರೆ ಎಲ್ಲ ಉಗುರಿನಷ್ಟಾಗಿದ್ದವು. ದೊಡ್ಡ ಹಲ್ಲಿನವನಿಗೆ ಆ ವಾರ ಮುಂದಿನ ಎರಡು ಹಲ್ಲು ಬಿದ್ದಿದ್ದವು, ಅವನಿಗೆ ಲೋಕದಲ್ಲಿ ಹಲ್ಲು ಬಿಟ್ಟರೆ ಬೇರೆ ವಿಷಯವೇ ಇರಲಿಲ್ಲ. ಮರದ ಪೊಟರೆಯಲ್ಲಿ ಗಿಳಿ ಇತ್ತು. ಗಿಳಿ ಕಾಣುವುದಿಲ್ಲವಲ್ಲ ಅಂದರೆ, ‘ಒಳಗೆ ಮಲಗಿದೆ’ ಅಂದಳು. ಇನ್ನೇನು ಹೇಳಬೇಕು?

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಒಬ್ಬನ ವಿಷಯದಲ್ಲಿ ನಾನು ನಿಜಕ್ಕೂ ತಪ್ಪು ಮಾಡಿದೆ.

ಅವನ ಚಿತ್ರದಲ್ಲಿ ಒಬ್ಬ ದೊಡ್ಡ ಮನುಷ್ಯ, ತಲೆಗಿಂತ ದೊಡ್ಡ ಕೈ, ಕೈ ಪೂರ್ತಿ ಕೆಂಪು. ಚಾರ್ಟ್ ಪ್ರಕಾರ ನಾಲ್ಕು ಗುರುತು. ನಾನು ಅವನನ್ನು ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಕೇಳಿದೆ, ‘ಇದು ಅಪ್ಪನಾ?’ ‘ಹೂಂ.’ ‘ಅಪ್ಪ ಹೊಡೀತಾರಾ?’ ನನ್ನ ಮುಖ ನೋಡಿದ. ‘ಹೂಂ.’ ‘ಜಾಸ್ತಿ ಹೊಡೀತಾರಾ?’ ‘ಹೂಂ.’ ನನ್ನ ಎದೆ ಡವಡವ ಅನ್ನುತ್ತಿತ್ತು. ಪಕ್ಕದ ಟೇಬಲಿನಲ್ಲಿ ನೋಟ್‌ಬುಕ್ ತಿದ್ದುತ್ತಿದ್ದ ನಮ್ಮ ಹಿರಿಯ ಮೇಡಂ ಪೆನ್ನು ಕೆಳಗಿಟ್ಟು, ತೀರಾ ಸಾಧಾರಣ ದನಿಯಲ್ಲಿ ಅವನನ್ನು ಕೇಳಿದರು: ‘ಅಪ್ಪ ದಿನಾ ಆನೆ ಮೇಲೆ ಕೂತು ಆಫೀಸಿಗೆ ಹೋಗ್ತಾರಾ?’ ‘ಹೂಂ’ ಅಂದ.

ಆರು ವರ್ಷದ ಮಗು. ಟೀಚರ್ ಮುಖ ಗಂಭೀರ ಮಾಡಿಕೊಂಡು ಕೇಳಿದರೆ ಅವರಿಗೆ ಯಾವ ಉತ್ತರ ಬೇಕೋ ಅದನ್ನು ಕೊಡುತ್ತದೆ. ಮೇಡಂ ಆಮೇಲೆ ಚಿತ್ರ ಅವನ ಕಡೆ ತಿರುಗಿಸಿ, ‘ಇದರ ಬಗ್ಗೆ ಹೇಳು ಪುಟ್ಟ’ ಅಂದರು, ಅಷ್ಟೆ. ಅದು ಗೋಲ್‌ಕೀಪರ್ ಅಂತೆ. ಕೆಂಪಗಿದ್ದದ್ದು ಗ್ಲೌಸು. ಹತ್ತು ನಿಮಿಷ ಆ ಪಂದ್ಯದ ಕತೆ ಹೇಳಿದ.

ನಮ್ಮ ಶಾಲೆಯಲ್ಲಿ ಮಕ್ಕಳ ರಕ್ಷಣೆ ನೋಡಿಕೊಳ್ಳುವವರಿಗೆ ನಡೆದದ್ದನ್ನು ನಡೆದ ಹಾಗೇ ಬರೆದುಕೊಟ್ಟೆ. ನನ್ನ ಪ್ರಶ್ನೆಗಳನ್ನೂ ಸೇರಿಸಿ. ಆನೆಯ ಪ್ರಶ್ನೆಯನ್ನೂ. ಅವರು ಸರಿಯಾದ ರೀತಿಯಲ್ಲಿ ವಿಚಾರಿಸಿದರು, ಗಾಬರಿ ಪಡುವಂಥದ್ದು ಏನೂ ಇರಲಿಲ್ಲ. ಆದರೆ ಅವರು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಕೂತಿದೆ. ಅಕಸ್ಮಾತ್ ಅಲ್ಲಿ ನಿಜವಾಗಿಯೂ ಏನಾದರೂ ಇದ್ದಿದ್ದರೆ, ಮೊದಲ ಮಾತುಕತೆಯನ್ನೇ ನಾನು ಕೆಡಿಸಿಬಿಟ್ಟಿರುತ್ತಿದ್ದೆ. ನಾಳೆ ಯಾರಾದರೂ ‘ಟೀಚರೇ ಹೇಳಿಕೊಟ್ಟಿದ್ದು’ ಅಂದರೆ ಮಗುವಿನ ನಿಜವಾದ ಮಾತಿಗೂ ಬೆಲೆ ಇರುವುದಿಲ್ಲ.

ಕೋರ್ಸಿನ ಮೂರನೇ ವಾರದ ಅಭ್ಯಾಸದ ವಿಡಿಯೋ ಮತ್ತೆ ಹಾಕಿ ನೋಡಿದೆ. ಅದರಲ್ಲಿ ಪಾಠದವರೂ ಮಗುವಾಗಿ ನಟಿಸುವವರನ್ನು ಹೀಗೇ ಕೇಳುತ್ತಾರೆ. ‘ಈ ಕೈಗೆ ಯಾಕಿಷ್ಟು ಸಿಟ್ಟು?’ ಅಂತ. ಕೈಗೆ ಸಿಟ್ಟಿದೆ ಅಂತ ಮಗು ಹೇಳಿಯೇ ಇರಲಿಲ್ಲ.

ಆಮೇಲೆ ನಾನೇ ಹುಡುಕಿ ಓದಲು ಶುರು ಮಾಡಿದೆ. 1970ರಲ್ಲಿ ನಿಲ್ಲಿಸಿದ ಕತೆಯ ಮುಂದಿನ ಭಾಗ ಇಷ್ಟಿದೆಯಾ ಅಂತ ಆಶ್ಚರ್ಯವಾಯಿತು. ಮುಂದಿನದಷ್ಟೇ ಅಲ್ಲ, ಹಿಂದಿನದನ್ನೂ ಬಿಟ್ಟಿದ್ದರು. 1967ರಲ್ಲೇ ಲೊರೆನ್ ಚಾಪ್‌ಮನ್, ಜೀನ್ ಚಾಪ್‌ಮನ್ ಅನ್ನುವ ದಂಪತಿ ಒಂದು ಪ್ರಯೋಗ ಮಾಡಿದ್ದರು. ಕಾಲೇಜು ವಿದ್ಯಾರ್ಥಿಗಳಿಗೆ ಮನುಷ್ಯರ ಚಿತ್ರಗಳನ್ನು ತೋರಿಸಿದರು. ಪ್ರತಿ ಚಿತ್ರದ ಜೊತೆ, ಬಿಡಿಸಿದವನ ತೊಂದರೆ ಇದು ಅಂತ ಒಂದೆರಡು ಸಾಲು. ‘ಇವನಿಗೆ ಬೇರೆಯವರ ಮೇಲೆ ಅನುಮಾನ ಜಾಸ್ತಿ’ ಅನ್ನುವ ತರಹ. ಚಿತ್ರಕ್ಕೂ ಆ ಸಾಲಿಗೂ ಯಾವ ಸಂಬಂಧವೂ ಇರದ ಹಾಗೆ ಬೇಕಂತಲೇ ಜೋಡಿಸಿದ್ದರು. ಆದರೂ ವಿದ್ಯಾರ್ಥಿಗಳು ಸಂಬಂಧ ‘ಕಂಡುಹಿಡಿದರು’. ಅನುಮಾನದವನು ಕಣ್ಣನ್ನು ವಿಚಿತ್ರವಾಗಿ ಬಿಡಿಸುತ್ತಾನೆ ಅಂದರು. ತಮಾಷೆ ಅಂದರೆ, ವರ್ಷಗಟ್ಟಲೆ ಈ ಪರೀಕ್ಷೆ ಮಾಡಿಕೊಂಡು ಬಂದ ಮನಶ್ಶಾಸ್ತ್ರಜ್ಞರು ಹೇಳುತ್ತಿದ್ದದ್ದೂ ಅದನ್ನೇ. ಅಂದರೆ ಆ ಅನುಭವ ಚಿತ್ರದಿಂದ ಬಂದದ್ದಲ್ಲ. ಕಣ್ಣು ಅಂದರೆ ಅನುಮಾನ, ಕೈ ಅಂದರೆ ಹೊಡೆತ ಅಂತ ನಮ್ಮ ಮಾತಿನಲ್ಲೇ ಕೂತಿರುವ ಜೋಡಿ ಅದು. ನಾವೂ ‘ಕಣ್ಣು ಹಾಕಿದ’, ‘ಕೈ ಮಾಡಿದ’ ಅನ್ನುತ್ತೇವಲ್ಲ. ಚಾರ್ಟ್ ನನಗೆ ಅಷ್ಟು ಬೇಗ ಸರಿ ಅನ್ನಿಸಿದ್ದು ಯಾಕೆ ಅಂತ ಆಗ ಅರ್ಥವಾಯಿತು.

2012ರಲ್ಲಿ ಬ್ರಯಾನ್ ಆಲೆನ್ ಮತ್ತು ಕ್ರಿಸೆಲಿನ್ ಟಸ್ಸೀ ಅನ್ನುವವರು ಇದೇ ಪ್ರಶ್ನೆ ಇಟ್ಟುಕೊಂಡು, ಹೋಲಿಕೆ ಗುಂಪು ಇಟ್ಟು ಮಾಡಿದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದರು. ಮಗುವಿಗೆ ಲೈಂಗಿಕ ಅಥವಾ ದೈಹಿಕ ಹಿಂಸೆ ಆಗಿದೆಯೇ ಅಂತ ಚಿತ್ರದಿಂದ ಹೇಳಬಹುದೇ? ಯಾವ ಒಂದು ಗುರುತಿಗೂ, ಗುರುತುಗಳನ್ನು ಕೂಡಿಸಿ ಅಂಕ ಕೊಡುವ ಯಾವ ಪದ್ಧತಿಗೂ ಸಾಕಷ್ಟು ಆಧಾರ ಇಲ್ಲ ಅನ್ನುವುದು ಅವರಿಗೆ ಸಿಕ್ಕ ಉತ್ತರ. ನಾನು ಕೋರ್ಸಿಗೆ ಸೇರುವುದಕ್ಕೆ ಎಷ್ಟೋ ವರ್ಷ ಮೊದಲೇ ಬಂದಿದ್ದ ಉತ್ತರ ಇದು.

ಕೋರ್ಸಿನವರು ತಮ್ಮ ಪರವಾಗಿ ಎತ್ತಿ ತೋರಿಸುವ ಒಂದು ಅಧ್ಯಯನ 1987ರದ್ದು. ಲೈಂಗಿಕ ಹಿಂಸೆ ಆಗಿದೆ ಅಂತ ದೂರು ಬಂದ ಮಕ್ಕಳು, ಬೇರೆ ಮಕ್ಕಳಿಗಿಂತ ಹೆಚ್ಚಾಗಿ ಗುಪ್ತಾಂಗ ಬಿಡಿಸಿದರು ಅಂತ ಅದರಲ್ಲಿದೆ. ನಿಜ. ಆದರೆ ಅದೇ ಅಧ್ಯಯನದಲ್ಲಿ ದೂರು ಬಂದ ಮಕ್ಕಳಲ್ಲೂ ತುಂಬಾ ಮಂದಿ ಹಾಗೆ ಬಿಡಿಸಲೇ ಇಲ್ಲ. ಏನೂ ಆಗದ ಗುಂಪಿನಲ್ಲೂ ಅಂಥ ಚಿತ್ರ ಬಂದಿತ್ತು. ಮನೆಯಲ್ಲಿ ಪುಟ್ಟ ತಮ್ಮನಿಗೆ ಸ್ನಾನ ಮಾಡಿಸುವುದನ್ನು ದಿನಾ ನೋಡುವ ಮಗು ಏನು ಬಿಡಿಸುತ್ತದೆ ಹೇಳಿ? ಹಾಗಂತ ಕಣ್ಣು ಮುಚ್ಚಿಕೊಳ್ಳಿ ಅಂತಲೂ ನಾನು ಹೇಳುವುದಿಲ್ಲ. ಆ ವಯಸ್ಸಿಗೆ ಗೊತ್ತಿರಬಾರದ ಕ್ರಿಯೆಯನ್ನು ಮಗು ವಿವರವಾಗಿ, ಮತ್ತೆ ಮತ್ತೆ ಬಿಡಿಸಿದರೆ ಅಥವಾ ಹೇಳಿದರೆ, ಅದನ್ನು ತಿಳಿದವರ ಗಮನಕ್ಕೆ ತರಲೇಬೇಕು. ತರುವುದು ಬೇರೆ, ತೀರ್ಪು ಕೊಡುವುದು ಬೇರೆ.

ಒಂದು ಲೆಕ್ಕವನ್ನು ನಾನೇ ಹಾಕಿದೆ. ಅಂಕಿಗಳು ಸುಮ್ನೆ ಹಿಡಿದದ್ದು, ಲೆಕ್ಕ ಅರ್ಥವಾಗಲಿ ಅಂತ. ಒಂದು ಶಾಲೆಯಲ್ಲಿ 300 ಮಕ್ಕಳು, ಅದರಲ್ಲಿ 15 ಮಕ್ಕಳು ಹಿಂಸೆಯಲ್ಲಿದ್ದಾರೆ ಅಂದುಕೊಳ್ಳಿ. ಚಾರ್ಟಿನ ಒಂದು ಗುರುತು ಆ ಮಕ್ಕಳಲ್ಲಿ ನೂರಕ್ಕೆ 40ರಷ್ಟು, ಉಳಿದವರಲ್ಲಿ ನೂರಕ್ಕೆ 20ರಷ್ಟು ಕಾಣುತ್ತದೆ ಅಂತ ಇಟ್ಟುಕೊಳ್ಳೋಣ. ಎರಡರಷ್ಟು! ಕೇಳಲು ದೊಡ್ಡದು. 15ರಲ್ಲಿ 6 ಮಕ್ಕಳು ಸಿಕ್ಕರು. ಉಳಿದ 285ರಲ್ಲಿ 57 ಮಕ್ಕಳೂ ಸಿಕ್ಕಿಬಿದ್ದರು. ಟೀಚರ್ ಕೈಯಲ್ಲಿ 63 ಹೆಸರಿನ ಪಟ್ಟಿ, ಅದರಲ್ಲಿ ಸರಿ ಇರುವುದು 6. ಪಟ್ಟಿಯ ಹೊರಗೆ, ಸೂರ್ಯ ಹೂವು ಬಿಡಿಸಿಕೊಂಡು, 9 ಮಕ್ಕಳು.

ಈ 9ರ ಲೆಕ್ಕ ಹಾಕಿದ ಮೇಲೆ ನಾನು ಬೀರು ತೆಗೆದು ಆ 22 ಚಿತ್ರಗಳನ್ನು ಇನ್ನೊಮ್ಮೆ ನೋಡಿದೆ. ಈ ಸಲ ಚಾರ್ಟ್ ಇಟ್ಟುಕೊಂಡು. ಒಂದೇ ಒಂದು ಗುರುತು ಸಿಕ್ಕಿತು, ಒಂದು ಮೋಡ.

ನಾಲ್ಕನೇ ವಾರದ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಬಣ್ಣಗಳ ಅರ್ಥ. ಓಡಿಸಿಕೊಂಡು ನೋಡಿದೆ.

ಐದನೇ ವಾರ ಮಾತ್ರ ಬೇರೆಯದೇ ಕೋರ್ಸ್. ಹಿಂಸೆಗೆ ಒಳಗಾದ ಮಕ್ಕಳ ಹೇಳಿಕೆ ತೆಗೆದುಕೊಳ್ಳುವುದೇ ಕೆಲಸವಾಗಿರುವ ಒಬ್ಬರನ್ನು ಅತಿಥಿಯಾಗಿ ಕರೆಸಿದ್ದಾರೆ. ಒಂದೇ ವಿಡಿಯೋ, 50 ನಿಮಿಷ. ನಾನು ಮೂರು ಸಲ ನೋಡಿದೆ. ಆ ಹೆಂಗಸು ಒಂದು ಸಲವೂ ಚಾರ್ಟ್ ಹೆಸರು ಎತ್ತಲಿಲ್ಲ. ಕರೆಸಿದವರಿಗೆ ಅದು ಗೊತ್ತಾಯಿತೋ ಇಲ್ಲವೋ.

ಅವರು ಮಗುವಿನ ಎದುರು ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತಾರೆ. ತಮ್ಮ ಮುಂದೆಯೂ ಒಂದು ಹಾಳೆ ಇಟ್ಟುಕೊಂಡು ಏನಾದರೂ ಗೀಚುತ್ತಿರುತ್ತಾರೆ. ಇಬ್ಬರ ಕಣ್ಣೂ ಹಾಳೆಯ ಮೇಲೆ. ಮುಖ ನೋಡಿಕೊಂಡು ಹೇಳಲಾಗದ್ದನ್ನು ಮಕ್ಕಳು ಹಾಳೆ ನೋಡಿಕೊಂಡು ಹೇಳುತ್ತಾರಂತೆ. (ದೊಡ್ಡವರೂ ಅಷ್ಟೇ ಅಲ್ವಾ. ಕೆಲವು ಮಾತು ಪಾತ್ರೆ ತೊಳೆಯುವಾಗಲೇ ಬರುವುದು.) ಅವರು ಆಡುವ ಮಾತು ತೀರಾ ಕಡಿಮೆ. ‘ಈ ಚಿತ್ರದ ಬಗ್ಗೆ ಹೇಳು.’ ‘ಆಮೇಲೆ?’ ‘ಅದನ್ನ ಇನ್ನೂ ಸ್ವಲ್ಪ ಹೇಳು.’ ಇಷ್ಟೇ. ಮಗು ಸುಮ್ಮನಾದರೆ ಅವರೂ ಸುಮ್ಮನೆ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾರೆ. ನಾನು ಮನೆಯಲ್ಲಿ ಅಭ್ಯಾಸ ಮಾಡಿ ನೋಡಿದೆ, ನಾಲ್ಕಕ್ಕೇ ಬಾಯಿ ತೆರೆಯುತ್ತಿದ್ದೆ. ಟೀಚರ್ ಬುದ್ಧಿ.

‘ಯಾಕೆ’ ಅಂತ ಕೇಳಬೇಡಿ ಅನ್ನುತ್ತಾರೆ. ಮಕ್ಕಳಿಗೆ ಆ ಪದ ಬೈಗುಳದ ಹಾಗೆ ಕೇಳುತ್ತದೆ. ‘ಯಾಕೆ ಬೀಳಿಸಿದೆ, ಯಾಕೆ ಬರೆದಿಲ್ಲ’ ಅಂತ ತಾನೇ ನಾವು ಅದನ್ನು ದಿನಾ ಬಳಸುವುದು. ಚಿತ್ರದಲ್ಲಿರುವ ಮನುಷ್ಯನಿಗೆ ಮಗು ಹೆಸರಿಡುವ ಮೊದಲು ನೀವು ಹೆಸರಿಡಬೇಡಿ. ಮೈಯ ಭಾಗಕ್ಕೆ ಮಗು ಯಾವ ಪದ ಬಳಸುತ್ತದೋ ಅದೇ ಪದ ಬರೆದುಕೊಳ್ಳಿ, ತಿದ್ದಬೇಡಿ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ, ಯಾಕೆಂದರೆ ನೀವು ಹೇಳಲೇಬೇಕಾಗುತ್ತದೆ. ಬೆಚ್ಚಿಬೀಳಬೇಡಿ, ಅಳಬೇಡಿ. ‘ನೀನು ಹೇಳಿದ್ದು ಒಳ್ಳೇದಾಯ್ತು, ಇದು ನಿನ್ನ ತಪ್ಪಲ್ಲ’ ಅನ್ನಿ. ಮತ್ತೆ ಬಿಡಿಸು, ಮತ್ತೆ ಹೇಳು ಅನ್ನಬೇಡಿ. ಯಾರ ಮೇಲೆ ಅನುಮಾನವೋ ಅವರನ್ನು ನೀವೇ ಕರೆದು ವಿಚಾರಿಸಲು ಹೋಗಬೇಡಿ, ಅದರಿಂದ ಅಪಾಯ ಮಗುವಿಗೆ. ಅದೇ ಗಂಟೆಯೊಳಗೆ ಬರೆದಿಡಿ. ದಿನಾಂಕ, ಸಮಯ, ನೀವು ಕೇಳಿದ್ದು ನೀವು ಕೇಳಿದ ಮಾತಿನಲ್ಲಿ, ಮಗು ಹೇಳಿದ್ದು ಮಗುವಿನ ಮಾತಿನಲ್ಲಿ. ಮೂಲ ಚಿತ್ರವನ್ನು ಹಾಗೇ ಇಡಿ, ಅದರ ಮೇಲೆ ನಿಮ್ಮ ವಿವರಣೆ ಗೀಚಬೇಡಿ. ಅವತ್ತೇ ಮಕ್ಕಳ ರಕ್ಷಣೆಯ ಹೊಣೆ ಇರುವವರಿಗೆ ತಲುಪಿಸಿ. ಅನುಮಾನ ಸಾಕು, ಸಾಬೀತು ಮಾಡುವುದು ನಿಮ್ಮ ಕೆಲಸವಲ್ಲ.

ಹಾಗಾದರೆ ಚಿತ್ರ ಯಾಕೆ ಬೇಕು? ಇದಕ್ಕೆ ಅವರು ಕೊಟ್ಟ ಉತ್ತರ ನನಗೆ ಹೊಸದು. ಜೂಲಿಯನ್ ಗ್ರಾಸ್ ಮತ್ತು ಹಾರ್ಲೀನ್ ಹೇನ್ ಅನ್ನುವ ಸಂಶೋಧಕರು 1998ರಲ್ಲಿ ತೋರಿಸಿದ್ದು ಇದು: ತಮಗೆ ಖುಷಿಯಾದ, ಹೆದರಿಕೆಯಾದ ಸಂದರ್ಭಗಳ ಬಗ್ಗೆ ಚಿತ್ರ ಬಿಡಿಸುತ್ತಾ ಮಾತಾಡಿದ ಚಿಕ್ಕ ಮಕ್ಕಳು, ಬರೀ ಬಾಯಲ್ಲಿ ಹೇಳಿದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು ವಿವರ ಹೇಳಿದರು. 2010ರಲ್ಲಿ ಕಾರ್ಮಿಟ್ ಕಟ್ಸ್ ಮತ್ತು ಐರಿಟ್ ಹರ್ಷ್ಕೊವಿಟ್ಸ್, ಲೈಂಗಿಕ ಹಿಂಸೆಯ ದೂರು ಇದ್ದ 4ರಿಂದ 14 ವರ್ಷದ 125 ಮಕ್ಕಳ ಹೇಳಿಕೆಗಳನ್ನು ನೋಡಿದರು. ಮೊದಲು ತೆರೆದ ಪ್ರಶ್ನೆಗಳು, ಆಮೇಲೆ ಕೆಲವರಿಗೆ ಕೆಲವು ನಿಮಿಷ ಚಿತ್ರ ಬಿಡಿಸಲು ಬಿಡುವು, ಮತ್ತೆ ಮಾತು. ಬಿಡಿಸಿದವರು ಹೆಚ್ಚು ಹೇಳಿದರು. ಯಾರೂ ಆ ಚಿತ್ರಗಳನ್ನು ಇಟ್ಟುಕೊಂಡು ಅರ್ಥ ಹುಡುಕಲಿಲ್ಲ, ಗಮನ ಇದ್ದದ್ದು ಮಕ್ಕಳ ಮಾತಿನ ಮೇಲೆ.

ಇದರಲ್ಲೂ ಒಂದು ಮುಳ್ಳಿದೆ, ಅದನ್ನೂ ಅವರು ಮುಚ್ಚಿಡಲಿಲ್ಲ. 2000ದಲ್ಲಿ ಮ್ಯಾಗಿ ಬ್ರಕ್ ಮತ್ತು ಸಂಗಡಿಗರು ಮಕ್ಕಳಿಗೆ ಒಂದು ಜಾದೂ ಆಟ ತೋರಿಸಿ, ಆಮೇಲೆ ನಡೆದದ್ದನ್ನೂ ನಡೆಯದೇ ಇದ್ದದ್ದನ್ನೂ ಸೇರಿಸಿ ನೆನಪಿಸಿದರು. ಕೆಲವರಿಂದ ಅದರ ಚಿತ್ರವನ್ನೂ ಬಿಡಿಸಿದರು. ಚಿತ್ರ ಬಿಡಿಸಿದ ಮಕ್ಕಳಿಗೆ ನಿಜ ಹೆಚ್ಚು ನೆನಪಿತ್ತು. ಸುಳ್ಳೂ ಹೆಚ್ಚು ‘ನೆನಪಿತ್ತು’. ಕೈಯಿಂದ ಒಮ್ಮೆ ಬಿಡಿಸಿದ್ದು ಮಗುವಿಗೆ ಕಣ್ಣಾರೆ ಕಂಡ ಹಾಗೆ ಆಗಿಬಿಡುತ್ತದೆ. ಆದ್ದರಿಂದ ‘ಅಪ್ಪ ಹೊಡೆಯುವುದನ್ನು ಬಿಡಿಸು’ ಅನ್ನುವುದು, ‘ಅಪ್ಪ ಹೊಡೀತಾರಾ’ ಅನ್ನುವುದಕ್ಕಿಂತ ಕೆಟ್ಟದ್ದು. ಇದನ್ನು ಕೇಳುವಾಗ ನನ್ನ ಗೋಲ್‌ಕೀಪರ್ ನೆನಪಾಗಿ ಬೆವರಿದೆ.

ನಡವಳಿಕೆಯ ಬದಲಾವಣೆಗಳ ಬಗ್ಗೆ ಅವರು ಇನ್ನೂ ಹೇಳಬೇಕಿತ್ತು ಅನ್ನಿಸಿತು. ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಒಬ್ಬರನ್ನು ಕಂಡರೆ ಮಾತ್ರ ಹೆದರುವುದು, ಬೆಲ್ ಹೊಡೆದರೂ ಮನೆಗೆ ಹೊರಡದೆ ಕೂರುವುದು, ಗಾಯಕ್ಕೂ ಗಾಯದ ಕತೆಗೂ ತಾಳೆ ಆಗದಿರುವುದು. ಇವಕ್ಕೂ ಬೇರೆ ಕಾರಣ ಇರಬಹುದು. ಆದರೂ ಟೀಚರ್ ಕಣ್ಣಿಗೆ ದಿನಾ ಬೀಳುವುದು ಇವೇ. ಇದಕ್ಕೆ ಕೊಟ್ಟಿದ್ದು ಒಂದು ಸ್ಲೈಡ್. ಪೊಟರೆಗೆ ಮೂರು.

ಆರನೇ ವಾರದಲ್ಲಿ, ಯುದ್ಧ ನಡೆದ ಸುಡಾನ್ ದೇಶದ ಡಾರ್ಫರ್ ಪ್ರಾಂತ್ಯದ ಮಕ್ಕಳ ಚಿತ್ರಗಳನ್ನು ತೋರಿಸುತ್ತಾರೆ. 2007ರಲ್ಲಿ ಚಾಡ್ ದೇಶದ ನಿರಾಶ್ರಿತರ ಶಿಬಿರಗಳಲ್ಲಿ ಸಂಗ್ರಹಿಸಿದ ಸುಮಾರು 500 ಚಿತ್ರಗಳು. ಉರಿಯುವ ಗುಡಿಸಲು, ಮೇಲೆ ವಿಮಾನ, ಬಂದೂಕು ಹಿಡಿದವರು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಇವನ್ನು ಅಲ್ಲಿನ ಅಪರಾಧಗಳ ಹಿನ್ನೆಲೆ ತಿಳಿಸುವ ಸಾಕ್ಷ್ಯವಾಗಿ ಒಪ್ಪಿಕೊಂಡಿತು. ನೋಡುತ್ತಾ ಗಂಟಲು ಕಟ್ಟಿತು, ಅದು ನಿಜ. ಆದರೆ ಇದನ್ನು ಚಾರ್ಟ್ ಪಕ್ಕ ತಂದು ನಿಲ್ಲಿಸಿದ್ದು ನನಗೆ ಇಷ್ಟವಾಗಲಿಲ್ಲ. ಆ ಮಕ್ಕಳು ಕಂಡದ್ದನ್ನು ಕಂಡ ಹಾಗೆ ಬಿಡಿಸಿದ್ದರು. ವಿಮಾನ ಅಂದರೆ ವಿಮಾನ. ಪೊಟರೆಯ ಎತ್ತರ ಅಳೆಯುವ ಕೆಲಸ ಅಲ್ಲಿ ಯಾರಿಗೂ ಇರಲಿಲ್ಲ.

ಕೊನೆಗೆ ಪರೀಕ್ಷೆ. ಹತ್ತು ಪ್ರಶ್ನೆ, ನಾಲ್ಕರಲ್ಲಿ ಒಂದು ಉತ್ತರ ಆರಿಸಬೇಕು. ಏಳನೇ ಪ್ರಶ್ನೆ: ‘ಬಾಯಿ ಇಲ್ಲದ ಮುಖ ಏನನ್ನು ಸೂಚಿಸುತ್ತದೆ?’ ‘ಮಗು ಬಾಯಿ ಬಿಡಿಸುವುದನ್ನು ಮರೆತಿದೆ’ ಅನ್ನುವ ಉತ್ತರ ನಾಲ್ಕರಲ್ಲೂ ಇರಲಿಲ್ಲ. ನಾನು ಖಾಲಿ ಬಿಟ್ಟೆ. ಹತ್ತಕ್ಕೆ ಒಂಬತ್ತು ಬಂತು. ಸರ್ಟಿಫಿಕೇಟಿನಲ್ಲಿ ‘ಮಕ್ಕಳ ಚಿತ್ರ ವಿಶ್ಲೇಷಣೆಯಲ್ಲಿ ಪರಿಣತ’ ಅಂತ ನನ್ನ ಹೆಸರಿನ ಕೆಳಗೆ ಅಚ್ಚಾಗಿದೆ. ಇದು ನನಗೆ ಚಾರ್ಟಿಗಿಂತ ದೊಡ್ಡ ಭಯ. ಇದನ್ನು ಫ್ರೇಮ್ ಹಾಕಿಸಿ, ಬೇರೆಯವರ ಮಗುವಿನ ಚಿತ್ರ ನೋಡಿ, ಒಂದು ಮನೆಯ ಮೇಲೆ ಮಾತಾಡುವವರು ಎಷ್ಟು ಜನ ಇದ್ದಾರೋ. ಅದಕ್ಕಿಂತಲೂ, ಮಗುವಿನ ಚಿತ್ರದಲ್ಲಿ ಗುರುತಿಲ್ಲ ಅಂತ ನಿಶ್ಚಿಂತೆಯಾಗಿ ಹಾಳೆ ಮಡಚಿಟ್ಟವರು ಎಷ್ಟು ಜನವೋ.

ಕೋರ್ಸಿನವರಿಗೆ ಉದ್ದದ ಮೇಲ್ ಬರೆದೆ. ಚಾಪ್‌ಮನ್, 2012ರ ಅಧ್ಯಯನ, ಗೋಲ್‌ಕೀಪರ್, ಎಲ್ಲ. ಒಂಬತ್ತು ದಿನದ ಮೇಲೆ ಉತ್ತರ ಬಂತು. ಚಾರ್ಟ್ ಬರೀ ಮಾರ್ಗದರ್ಶನಕ್ಕೆ, ಅದೊಂದನ್ನೇ ನಂಬಿ ನಿರ್ಧಾರ ಮಾಡಬಾರದು ಅಂತ ಕೈಪಿಡಿಯ 71ನೇ ಪುಟದಲ್ಲಿ ಬರೆದಿದ್ದೇವೆ ಅಂದರು. ನೋಡಿದೆ, ಇದೆ. ಅಡಿಟಿಪ್ಪಣಿಯಲ್ಲಿ. ‘ಹೆಚ್ಚಿನ ಅಪಾಯ’ ಅನ್ನುವ ಪದ ಚಾರ್ಟಿನಲ್ಲಿ ಕೆಂಪು ಪಟ್ಟಿಯ ಮೇಲೆ ಹೆಬ್ಬೆರಳಿನಷ್ಟು ದಪ್ಪ.

ಕೋರ್ಸ್ ಮುಗಿದು ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಒಬ್ಬಳು ಬಸ್ಸು ಬಿಡಿಸುತ್ತಿದ್ದಳು. ಹಳದಿ ಬಸ್ಸು, ಕಿಟಕಿಗಳಲ್ಲಿ ಮುಖಗಳು, ಎಲ್ಲರಿಗೂ ಬಾಯಿ, ಎಲ್ಲರಿಗೂ ಕೈ. ನಾನು ಪಕ್ಕದಲ್ಲಿ ಕೂತು ಹಾಜರಿ ಪುಸ್ತಕದ ಹಿಂದೆ ಸುಮ್ನೆ ಗೀಚುತ್ತಿದ್ದೆ. ಅವಳೇ ಒಂದು ಮಾತು ಹೇಳಿದಳು. ‘ಆಮೇಲೆ?’ ಅಂದೆ. ಹತ್ತರವರೆಗೆ ಎಣಿಸಿದೆ. ಇನ್ನೊಂದು ಮಾತು ಹೇಳಿದಳು. ಏನು ಅಂತ ಇಲ್ಲಿ ಬರೆಯುವುದಿಲ್ಲ. ಅವಳ ಮಾತನ್ನು ಅವಳ ಮಾತಿನಲ್ಲೇ ಬರೆದು, ಸಮಯ ಹಾಕಿ, ಶಾಲೆ ಬಿಡುವ ಮೊದಲೇ ತಲುಪಿಸಬೇಕಾದವರಿಗೆ ತಲುಪಿಸಿದೆ. ಮುಂದಿನದು ಅವರ ಕೈಯಲ್ಲಿದೆ. ಅವಳು ಕ್ಲಾಸಿಗೆ ಬರುತ್ತಿದ್ದಾಳೆ.

ಇಡೀ ಕೋರ್ಸಿಗೆ ಎರಡು ಸ್ಟಾರ್ ಕೊಡುತ್ತೇನೆ. ಒಂದು ಮೊದಲ ಎರಡು ವಾರಕ್ಕೆ, ಒಂದು ಐದನೇ ವಾರಕ್ಕೆ. ಐದನೇ ವಾರವನ್ನು ಬಿಡಿಯಾಗಿ ಮಾರಿದರೆ ಐದಕ್ಕೆ ಐದು. ಈಗಾಗಲೇ ದುಡ್ಡು ಕಟ್ಟಿರುವವರಿಗೆ: ಯಾವ ವಿಡಿಯೋ ಮೊದಲು ನೋಡಬೇಕು ಅನ್ನುವ ಕಟ್ಟುಪಾಡು ಇಲ್ಲ, ನೇರ ಅಲ್ಲಿಗೆ ಹೋಗಬಹುದು. ಚಾರ್ಟಿನ ಹಿಂಬದಿ ಖಾಲಿ ಇದೆ, ಮಾರ್ಕರ್ ಚೆನ್ನಾಗಿ ಹಿಡಿಯುತ್ತದೆ. ನನ್ನದರ ಮೇಲೆ ಐದನೇ ವಾರದ ಆ ಮೂರು ಸಾಲು, ‘ಈ ಚಿತ್ರದ ಬಗ್ಗೆ ಹೇಳು’, ‘ಆಮೇಲೆ?’, ‘ಅದನ್ನ ಇನ್ನೂ ಸ್ವಲ್ಪ ಹೇಳು’ ಅಂತ ಬರೆದು ಬೀರುವಿನ ಬಾಗಿಲ ಒಳಗಡೆ ಅಂಟಿಸಿದ್ದೇನೆ. ವಿಡಿಯೋಗಳು ಒಂದು ವರ್ಷ ಮಾತ್ರ ಇರುತ್ತವೆ, ಡೌನ್‌ಲೋಡ್ ಮಾಡಲು ಬರುವುದಿಲ್ಲ. ನೋಡುವಾಗಲೇ ನೋಟ್ಸ್ ಮಾಡಿಕೊಳ್ಳಿ.